ಪಕ್ಕದ ಮನೆ ತಾರಸಿಯ ಮುಧೋಳದ ನಾಯಿ ಬಗ್ಗೆ ಪುಟ್ಟಿಗೆ

ಪುಟ್ಟಿ,

ಪಕ್ಕದ ಮನೆಯವರು ತಮ್ಮ ಮುಧೋಳದ ನಾಯಿಯನ್ನು ತಾರಸಿ ಮೇಲೆ ಬಿಸಿಲಲ್ಲೇ ಸರಪಳಿ ಹಾಕಿ ಕಟ್ಟಿರ್ತಾರೆ ಅಂತ ನೀನು ಕಳಿಸಿದ ಮೆಸೇಜ್ ಓದಿದೆ. ವಿಡಿಯೋನೂ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಳ್ಳಲ್ಲ, ಇನ್ನರ್ಧಕ್ಕೆ ಜಗಳ ಆಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ, ಇನ್‌ಸ್ಟಾಗ್ರಾಂನಲ್ಲಿ ಹಾಕ್ತೀನಿ, ಇಲ್ಲಾಂದ್ರೆ ರಾತ್ರಿ ಹೋಗಿ ಸರಪಳಿ ಬಿಚ್ಚಿಬಿಡ್ತೀನಿ ಅಂತ ಮೂರನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದೀಯ. ಈ ವಾರ ಮೂರನ್ನೂ ಮಾಡಬೇಡ. ಅದರಲ್ಲಿ ಒಂದನ್ನು ಆಮೇಲೆ ಮಾಡಬೇಕಾಗಬಹುದು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಾಯಿ ವಿಚಾರ. "ಪಕ್ಕೆಲುಬು ಎಣಿಸಬಹುದು ದೊಡ್ಡಪ್ಪ, ಊಟಾನೇ ಹಾಕ್ತಿಲ್ಲ" ಅಂತ ಬರೆದಿದ್ದೀಯ. ಅದು ಮುಧೋಳದ ನಾಯಿ ಕಣಮ್ಮ. ನಾನು ಪಶು ಡಾಕ್ಟರ್ ಆಗಿ ಸರ್ವಿಸ್‌ನಲ್ಲಿದ್ದಾಗ ಮುಧೋಳ, ಜಮಖಂಡಿ ಕಡೆ ಅವುಗಳ ನಡುವೆಯೇ ಕೆಲಸ ಮಾಡಿದವನು. ಚೆನ್ನಾಗಿ ರೊಟ್ಟಿ ಹಾಲು ತಿಂದು ಹೊಲದಲ್ಲಿ ಓಡಾಡಿಕೊಂಡಿರೋ ನಾಯಿಗೂ ಪಕ್ಕೆಲುಬು ಕಾಣುತ್ತದೆ, ಹೊಟ್ಟೆ ಒಳಕ್ಕೆ ಎಳೆದುಕೊಂಡಿರುತ್ತದೆ. ಎತ್ತರ ಎರಡಡಿ ದಾಟಿದರೂ ತೂಕ 25 ಕೆಜಿ ಆಸುಪಾಸು ಅಷ್ಟೇ. ಓಡುವುದಕ್ಕೇ ಬೆಳೆಸಿದ ತಳಿ ಅದು, ಮುಧೋಳದ ಘೋರ್ಪಡೆ ರಾಜಮನೆತನದವರು ಆಸ್ಥೆಯಿಂದ ಬೆಳೆಸಿದ್ದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಹಾಗಾಗಿ ನೀನು ಹೋಗಿ "ನಾಯಿನ ಉಪವಾಸ ಹಾಕಿದ್ದೀರಾ" ಅಂತ ಶುರು ಮಾಡಿದರೆ, ಅವರು ಅನ್ನದ ತಟ್ಟೆ ತಂದು ತೋರಿಸುತ್ತಾರೆ. ಅಲ್ಲಿಗೆ ನಿನ್ನ ಮಾತು ಬಿದ್ದುಹೋಯಿತು.

ಆದರೆ ನಿನ್ನ ಹೊಟ್ಟೆ ಸಂಕಟ ಸುಳ್ಳಲ್ಲ. ವಿಡಿಯೋದಲ್ಲಿ ನನಗೆ ಕಂಡಿದ್ದು ಬೇರೆ. ಮುಂಗಾಲಿನ ಮೊಣಕೈ ಹತ್ತಿರ ಕೂದಲು ಉದುರಿ ಚರ್ಮ ಕಪ್ಪಗೆ ದಪ್ಪ ಆಗಿದೆ, ಅದು ಬರೀ ಕಾಂಕ್ರೀಟಿನ ಮೇಲೆ ಮಲಗಿ ಮಲಗಿ ಆಗುವುದು. ಉಗುರು ಉದ್ದ ಬೆಳೆದು ಬಾಗಿವೆ. ದಿನಾ ರಸ್ತೆಯಲ್ಲಿ ನಡೆಯೋ ನಾಯಿಗೆ ಉಗುರು ತಾನೇ ಸವೆಯುತ್ತದೆ, ಇದು ತಿಂಗಳುಗಟ್ಟಲೆ ಕೆಳಗೆ ಇಳಿದೇ ಇಲ್ಲ. ತೊಡೆಯಲ್ಲಿ ಮಾಂಸ ಇಲ್ಲ. ಈ ತಳಿಯ ನಾಯಿ ಸರಿಯಿದೆಯೋ ಇಲ್ಲವೋ ಅಂತ ನೋಡಬೇಕಾದರೆ ಪಕ್ಕೆ ನೋಡಬಾರದು, ತೊಡೆ ನೋಡಬೇಕು. ಇನ್ನೊಂದು, ಸರಪಳಿ ಎಷ್ಟು ದೂರ ಹೋಗುತ್ತದೋ ಅಷ್ಟರಲ್ಲೇ ಅದು ಸುತ್ತುತ್ತಿದೆ, ಒಂದೇ ಕಡೆಗೆ, ನಿಲ್ಲದೆ. ಅದು ಆಟ ಅಲ್ಲ. ಕಟ್ಟಿ ಹಾಕಿದಲ್ಲೇ ವರ್ಷ ಕಳೆದ ನಾಯಿಗಳು ಹಾಗೆ ಮಾಡುತ್ತವೆ. ರಾತ್ರಿ ಊಳಿಡುತ್ತದೆ ಅಂದೆಯಲ್ಲ, ಅದೂ ಒಂಟಿಯಾಗಿದ್ದಕ್ಕೇ.

ಎಲ್ಲಕ್ಕಿಂತ ನನಗೆ ಭಯ ಆಗಿದ್ದು ತಾರಸಿ ಅಂಚಿನ ಆ ಮೋಟು ಗೋಡೆ. ನಾಯಿ ಕಟ್ಟಿರೋ ಕಂಬಕ್ಕೂ ಗೋಡೆಗೂ ಬಹಳ ದೂರ ಇಲ್ಲ. ಪಕ್ಕದ ಛಾವಣಿ ಮೇಲೆ ಒಂದು ಬೆಕ್ಕು ಹೋದರೆ ಸಾಕು, ಮುಧೋಳದ ನಾಯಿ ಯೋಚನೆ ಮಾಡುವುದಿಲ್ಲ, ಹಾರಿಬಿಡುತ್ತದೆ. ಸರಪಳಿ ಗೋಡೆ ದಾಟುವಷ್ಟು ಉದ್ದ ಇದ್ದು ನೆಲ ಮುಟ್ಟುವಷ್ಟು ಇಲ್ಲದಿದ್ದರೆ ಅದು ಅಲ್ಲೇ ನೇತಾಡಿ ಸಾಯುತ್ತದೆ. ಇದನ್ನು ಮಾತ್ರ ತಡ ಮಾಡದೆ ಅವರಿಗೆ ಹೇಳು. ಬೇರೆ ಮಾತು ಕೇಳದವರೂ ಈ ಮಾತು ಕೇಳುತ್ತಾರೆ, ಯಾಕೆಂದರೆ ಇದರಲ್ಲಿ ಬೈಗುಳ ಇಲ್ಲ.

ಈಗ ಜನರ ವಿಚಾರ. ನೀನೇ ಬರೆದಿದ್ದೀಯ: ಲಾಕ್‌ಡೌನ್ ಸಮಯದಲ್ಲಿ ಮಗ ತಂದ ಮರಿ, ಈಗ ಅವನು ಕೆನಡಾದಲ್ಲಿದ್ದಾನೆ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ನಮ್ಮ ದೇಶದ ತಳಿಗಳ ಬಗ್ಗೆ ಮಾತಾಡಿ ಮುಧೋಳದ ಹೆಸರು ಹೇಳಿದ ಮೇಲೆ ಬೆಂಗಳೂರಿನಲ್ಲಿ ಆ ಮರಿ ಬೇಕು ಅಂತ ಕೇಳೋರು ಜಾಸ್ತಿ ಆದರು. ತಪ್ಪೇನಿಲ್ಲ. ಆದರೆ ಅದಕ್ಕೆ ಎಷ್ಟು ಓಟ ಬೇಕು ಅಂತ ಯಾರೂ ಕೇಳಲಿಲ್ಲ. ಈಗ ಆ ಅಮ್ಮನಿಗೆ ಮಂಡಿ ನೋವು ಅಂತೀಯ. ಆ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. 25 ಕೆಜಿ ನಾಯಿ ಒಂದು ಸಲ ಎಳೆದರೆ ಇಬ್ಬರೂ ಬೀಳುತ್ತಾರೆ. ನಾಯಿ ಕಂಡರೆ ಅವರಿಗೆ ಒಳಗೊಳಗೇ ಭಯ ಇರಬಹುದು, ಮಗ ಬಿಟ್ಟು ಹೋದ ನಾಯಿ ಅಂತ ಯಾರಿಗೂ ಕೊಡೋಕೂ ಮನಸ್ಸಿಲ್ಲ. ಹಾಗಂತ ಅವರು ಮಾಡುತ್ತಿರೋದು ಸರಿ ಅಂತ ಅಲ್ಲ. ನಾಯಿಗೆ ಬಿಸಿಲು ಬಿಸಿಲೇ. ಆದರೆ ಕ್ರೂರಿಗಳ ಹತ್ತಿರ ಮಾತಾಡೋದಕ್ಕೂ ಕೈಲಾಗದವರ ಹತ್ತಿರ ಮಾತಾಡೋದಕ್ಕೂ ವ್ಯತ್ಯಾಸ ಇದೆ. ನಿನಗೆ ಬೇಕಾಗಿರೋದು ಆ ನಾಯಿಗೆ ದಿನಾ ನೀರು, ನೆರಳು, ಒಂದಿಷ್ಟು ಓಡಾಟ. ಪಕ್ಕದ ಮನೆಯವರು ತಲೆ ತಗ್ಗಿಸೋದು ಅಲ್ಲ. ಎರಡೂ ಒಟ್ಟಿಗೆ ಸಿಗುವುದು ಕಷ್ಟ ಪುಟ್ಟಿ, ಒಂದನ್ನು ಆರಿಸಿಕೋ.

ಶನಿವಾರ ಸಂಜೆ ಹೋಗು. ಸುಮ್ನೆ ಗೇಟಿನ ಹತ್ತಿರ ನಿಂತು ಮಾತಾಡಬೇಡ, ಒಳಗೆ ಹೋಗಿ ಕೂತುಕೋ, ಕಾಫಿ ಕೊಟ್ಟರೆ ಕುಡಿ. ದೊಡ್ಡಮ್ಮ ಕಳಿಸಿದ ಹಪ್ಪಳದಲ್ಲಿ ಒಂದು ಕಟ್ಟು ತೆಗೆದುಕೊಂಡು ಹೋಗು. ನಾಯಿ ಹೆಸರು ಕೇಳು, ಮಗನ ವಿಚಾರ ಕೇಳು. ಆಮೇಲೆ ನನ್ನ ಹೆಸರು ಹೇಳು. "ನಮ್ಮ ದೊಡ್ಡಪ್ಪ ಪಶು ಡಾಕ್ಟರ್ ಆಗಿದ್ದವರು ಆಂಟಿ, ಮುಧೋಳದ ಕಡೆ ಇದ್ದರು, ನಿಮ್ಮ ನಾಯಿ ನೋಡಿ ಒಳ್ಳೇ ಜಾತಿ ನಾಯಿ ಅಂದರು, ಗೋಡೆ ಹತ್ತಿರ ಕಟ್ಟಬೇಡಿ ಅಂತ ಹೇಳೋಕೆ ಹೇಳಿದರು" ಅನ್ನು. ಬಾಡಿಗೆ ಮನೆಯ ಹುಡುಗಿ ಬಂದು ಬುದ್ಧಿ ಹೇಳಿದಳು ಅನ್ನಿಸಬಾರದು, ಎಲ್ಲೋ ಇರೋ ಮುದುಕ ಹೇಳಿದ ಅನ್ನಿಸಲಿ. ನಾನು ಬೈಸಿಕೊಂಡರೆ ನನಗೇನೂ ನಷ್ಟ ಇಲ್ಲ.

ಅವತ್ತೇ ಎಲ್ಲ ಕೇಳಬೇಡ. ನೆರಳು ಒಂದನ್ನು ಕೇಳು. ನರ್ಸರಿಗಳಲ್ಲಿ ಸಿಗೋ ಹಸಿರು ಶೇಡ್ ನೆಟ್ ತಂದು ನೀನೇ ಕಟ್ಟಿಸಿಕೊಡ್ತೀನಿ ಅನ್ನು, ದುಡ್ಡು ನಾನು ಕಳಿಸುತ್ತೇನೆ. ಕೆಳಗೆ ಹಳೇ ಹಲಗೆ, ಅದರ ಮೇಲೆ ಗೋಣಿ ಚೀಲ. ನೀರಿಗೆ ಪ್ಲಾಸ್ಟಿಕ್ ಡಬ್ಬ ಬೇಡ, ಸರಪಳಿ ತಾಗಿ ಉರುಳುತ್ತದೆ, ಆಮೇಲೆ ಇಡೀ ಮಧ್ಯಾಹ್ನ ನೀರಿಲ್ಲ. ಭಾರದ ಸಿಮೆಂಟ್ ತೊಟ್ಟಿ ತರಿಸು. ಆ ತೂಕದ ನಾಯಿಗೆ ದಿನಕ್ಕೆ ಒಂದೂವರೆ ಲೀಟರ್ ನೀರಾದರೂ ಬೇಕು, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಜಾಸ್ತಿ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ತಾರಸಿ ನೆಲದ ಮೇಲೆ ನಿನ್ನ ಅಂಗೈ ಇಟ್ಟು ನೋಡು, ಇಡೋಕೆ ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಯಾವತ್ತಾದರೂ ಮಧ್ಯಾಹ್ನ ಅದು ಜೋರಾಗಿ ಏದುಸಿರು ಬಿಡುತ್ತಾ, ಅಂಟು ಜೊಲ್ಲು ಸುರಿಸುತ್ತಾ ತೂರಾಡಿದರೆ ಕಾಯಬೇಡ. ಬಾಗಿಲು ಬಡಿ. ಮಾಮೂಲಿ ನೀರು ಸುರಿದು ಫ್ಯಾನ್ ಕೆಳಗೆ ಇಟ್ಟು ಡಾಕ್ಟರ್ ಹತ್ತಿರ ಓಡಿ. ಐಸ್ ನೀರು ಹಾಕಬೇಡಿ.

ಊಟ ಮಾತ್ರ ಅವರಿಗೆ ಹೇಳದೆ ಹಾಕಬೇಡ. ಈ ಕಡೆ ತಾರಸಿಯಿಂದ ಎಸೆಯೋದು ನಿನಗೆ ಸುಲಭ ಅಂತ ಗೊತ್ತು. ನಾಳೆ ಅದಕ್ಕೆ ವಾಂತಿ ಭೇದಿ ಆದರೆ ವಿಷ ಹಾಕಿದ್ದು ನೀನು ಅಂತಾರೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಒಡೆದು ಕರುಳಿಗೆ ಚುಚ್ಚುತ್ತದೆ, ಈರುಳ್ಳಿ ಬಿದ್ದ ಸಾರೂ ಆಗಲ್ಲ. ಜ್ವರ ಅಂತ ನಮ್ಮ ಪ್ಯಾರಸಿಟಮಾಲ್ ಕೊಡೋರೂ ಇದ್ದಾರೆ, ಅದಂತೂ ಬೇಡವೇ ಬೇಡ. ಅವರು ಬರೀ ಮೊಸರನ್ನ ಹಾಕುತ್ತಿದ್ದರೆ ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ ಸೇರಿಸಿ ಅಂತ ಹೇಳಬಹುದು, ಮನೆಯಲ್ಲಿ ಮೊಟ್ಟೆ ತರದವರಾದರೆ ಅಂಗಡಿಯ ನಾಯಿ ತಿಂಡಿ ಇದೆ.

ಒಂದೆರಡು ವಾರ ಕಳೆದ ಮೇಲೆ, ಮಾತು ಸಲೀಸಾದರೆ, ಬೆಳಿಗ್ಗೆ ನಾನು ವಾಕಿಂಗ್ ಕರ್ಕೊಂಡು ಹೋಗ್ಲಾ ಅಂತ ಕೇಳು. ಆಗಲ್ಲ ಅಂದರೆ ದುಡ್ಡು ತೆಗೆದುಕೊಂಡು ನಾಯಿ ಓಡಾಡಿಸೋ ಹುಡುಗರು ಬೆಂಗಳೂರಿನಲ್ಲಿ ಇದ್ದಾರೆ, ಕೆನಡಾದ ಮಗ ಆ ಸಂಬಳ ಕೊಡಲಿ ಬಿಡು, ಅವನದೇ ನಾಯಿ ತಾನೇ? ನೀನೇ ಕರೆದುಕೊಂಡು ಹೋಗೋದಾದರೆ ಮೊದಲು ರೇಬಿಸ್ ಲಸಿಕೆಯ ಕಾರ್ಡ್ ತೋರಿಸಿ ಅನ್ನು, ವರ್ಷಕ್ಕೊಂದು ಸಲ ಹಾಕಿಸಿರಬೇಕು. ಹಾಕಿಸಿಲ್ಲ ಅಂದರೆ ಅದೇ ಮೊದಲ ಕೆಲಸ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಖರ್ಚು ಕಮ್ಮಿ. ಅಲ್ಲೇ ಕಾಲ್ಬೆರಳ ಸಂದು, ಕಿವಿಯೊಳಗೆ ರಕ್ತ ಹೀರೋ ಉಣ್ಣೆ ಹುಳ ಇದೆಯಾ ನೋಡಿಸು. ಬೆಂಗಳೂರಿನಲ್ಲಿ ಆ ಹುಳದಿಂದ ಬರೋ ಉಣ್ಣೆ ಜ್ವರ ಜಾಸ್ತಿ. ವಸಡು ಬಿಳಿಚಿಕೊಂಡಿದ್ದರೆ, ತಿನ್ನೋದು ಬಿಟ್ಟರೆ, ಮೂಗಿನಲ್ಲಿ ರಕ್ತ ಬಂದರೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು. ಬರೀ ನಾಯಿಗೆ ಔಷಧಿ ಹಾಕಿದರೆ ಸಾಲದು, ಆ ಹುಳ ಗೋಡೆ ಬಿರುಕಿನಲ್ಲಿ ಕೂತಿರುತ್ತದೆ.

ಕತ್ತಿನ ಪಟ್ಟಿ ಅಗಲವಾಗಿರಲಿ, ಎಳೆದರೆ ಬಿಗಿಯಾಗೋ ಥರದ್ದು. ಈ ನಾಯಿಯ ತಲೆ ಸಣ್ಣ, ಕತ್ತು ದಪ್ಪ, ಮಾಮೂಲಿ ಪಟ್ಟಿಯಿಂದ ಹಿಂದಕ್ಕೆ ಸರಿದು ಜಾರಿಕೊಳ್ಳುತ್ತದೆ. ಬಿಚ್ಚಿ ಓಡಿದರೆ ನೀನಲ್ಲ, ಸ್ಕೂಟರ್ ಕೂಡ ಹಿಡಿಯಲ್ಲ. ರಾತ್ರಿ ಹೋಗಿ ಸರಪಳಿ ಬಿಚ್ತೀನಿ ಅಂದೆಯಲ್ಲ, ಅದಕ್ಕೇ ಬೇಡ ಅಂದಿದ್ದು. ಅದು ಕಳ್ಳತನದ ಕೇಸು ಆಗೋದು ಒಂದು ಕಡೆ ಇರಲಿ, ಬೆಳಗಾಗುವಷ್ಟರಲ್ಲಿ ನಾಯಿ ಯಾವುದಾದರೂ ಲಾರಿ ಕೆಳಗೆ ಇರುತ್ತದೆ. ಅಕಸ್ಮಾತ್ ಕಚ್ಚಿದರೆ, ಪರಚಿದರೂ ಸರಿ, ಹರಿಯೋ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗು. ಮನೆ ನಾಯಿ ಅಲ್ವಾ ಅಂತ ಬಿಡಬೇಡ.

ಇಷ್ಟೆಲ್ಲ ಆದ ಮೇಲೂ ಅವರು "ನಮ್ಮ ನಾಯಿ, ನಮ್ಮ ಇಷ್ಟ" ಅಂದರೆ? ಆಗ ಕಾನೂನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಓದಿಕೋ. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟೋದು, ಯಾವಾಗಲೂ ಕಟ್ಟಿರೋ ನಾಯಿಯನ್ನು ಓಡಾಡಿಸದೇ ಇರೋದು, ಸಾಕಷ್ಟು ಊಟ ನೀರು ನೆರಳು ಕೊಡದೇ ಇರೋದು, ಮೂರೂ ಅಪರಾಧ ಅಂತ ಬಿಡಿಸಿ ಬಿಡಿಸಿ ಬರೆದಿದೆ. ದಂಡ ಕೇಳಿದರೆ ನಗ್ತೀಯ. ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ. ನಿಮ್ಮ ಬೆಂಗಳೂರಿನಲ್ಲಿ ಅದಕ್ಕೆ ಮಸಾಲೆ ದೋಸೆನೂ ಬರಲ್ಲ. ಸ್ಟೇಷನ್ನಿಗೆ ಹೋದ ತಕ್ಷಣ ಎಫ್‌ಐಆರ್ ಆಗುತ್ತದೆ ಅಂತಲೂ ಅಂದುಕೊಳ್ಳಬೇಡ, ಈ ಕಲಮುಗಳಿಗೆ ಎನ್‌ಸಿಆರ್, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಅಪರಾಧದ ವರದಿ, ಬರೆದುಕೊಳ್ಳುತ್ತಾರೆ, ಮುಂದೆ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆದರೂ ದೂರು ದಂಡಕ್ಕೆ ಅಲ್ಲ. ಅದೇ ಕಾಯ್ದೆಯ 34ನೇ ಕಲಂ ಪ್ರಕಾರ ಕಾನ್‌ಸ್ಟೇಬಲ್‌ಗಿಂತ ಮೇಲಿನ ಪೊಲೀಸ್ ಅಧಿಕಾರಿ ಪ್ರಾಣಿಯನ್ನು ವಶಕ್ಕೆ ತೆಗೆದುಕೊಂಡು ಪಶುವೈದ್ಯರ ಮುಂದೆ ಹಾಜರುಪಡಿಸಬಹುದು. ಒಬ್ಬ ಸಬ್ ಇನ್‌ಸ್ಪೆಕ್ಟರ್ ಮನೆಗೆ ಬಂದು ತಾರಸಿ ನೋಡಿದರೆ ಅರ್ಧ ಕೆಲಸ ಆದ ಹಾಗೆ.

ದೂರನ್ನು ಬರೆದು ಕೊಡು, ಬಾಯಲ್ಲಿ ಹೇಳಬೇಡ. ಒಂದು ಪ್ರತಿ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಹೋಗಲಿ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡ. ಘಟನೆ ಆಗಿ ಮೂರು ತಿಂಗಳು ದಾಟಿದರೆ ಕೇಸು ನಡೆಯುವುದಿಲ್ಲ, ಆದ್ದರಿಂದ ಈಗಿನಿಂದಲೇ ತಾರೀಖು ಬೀಳೋ ಹಾಗೆ ಫೋಟೋ ತೆಗೆದಿಡು: ಮಧ್ಯಾಹ್ನದ ಬಿಸಿಲು, ಖಾಲಿ ಡಬ್ಬ, ಸರಪಳಿ. ನಿಮ್ಮ ತಾರಸಿಯಿಂದ ಕಾಣುವಷ್ಟೇ ಸಾಕು, ಅವರ ಕಾಂಪೌಂಡ್ ಒಳಗೆ ಹೋಗಬೇಡ. ಬೆಂಗಳೂರಿನಲ್ಲಿ ಪ್ರಾಣಿಗಳ ರಕ್ಷಣೆ ಮಾಡೋ ಕ್ಯುಪಾದಂಥ ಸಂಸ್ಥೆಯವರಿಗೂ ಒಂದು ಮಾತು ಹಾಕು, ಇಂಥ ಮನೆಗಳಿಗೆ ಹೋಗಿ ಮಾತಾಡಿ ಅಭ್ಯಾಸ ಇರೋ ಜನ ಅವರು.

ಆದರೆ ಆ ಫೋಟೋ ಇನ್‌ಸ್ಟಾಗ್ರಾಂಗೆ ಹೋಗೋದು ಬೇಡ. ಮನೆ ನಂಬರ್ ಸಮೇತ ಊರಿಗೆಲ್ಲ ಗೊತ್ತಾದರೆ, ಮಾನ ಹೋಯಿತು ಅಂತ ಅವರು ಮೊದಲು ಮಾಡೋ ಕೆಲಸ ಏನು ಗೊತ್ತಾ? ರಾತ್ರಿ ಯಾರದಾದರೂ ಕಾರಿನಲ್ಲಿ ಹಾಕಿ ಊರಾಚೆ ಬಿಟ್ಟು ಬರೋದು. ಅದೂ ಅಪರಾಧವೇ, ಆದರೆ ಬೀದಿ ನಾಯಿಗಳ ಮಧ್ಯೆ ಬಿದ್ದ ಈ ನಾಯಿಗೆ ಆ ಕಲಂ ಗೊತ್ತಿರಲ್ಲ. ನಿಮ್ಮ ಬೀದಿಯಲ್ಲಿ ಗಲಾಟೆ ಅಂತ ದೂರು ಹೇಳೋರ ಜೊತೆಗೂ ಸೇರಬೇಡ. ಅವರಿಗೆ ಬೇಕಿರೋದು ನಿದ್ದೆ, ನಾಯಿ ಎಲ್ಲಿ ಹೋದರೂ ಅವರಿಗೆ ಆಗುತ್ತದೆ.

ಕೊಟ್ಟುಬಿಡೋಣ ಅಂತ ಅವರೇ ಮನಸ್ಸು ಮಾಡಿದರೆ ಕೊಡೋ ಮುಂಚೆ ನನಗೆ ಹೇಳು. ಮುಧೋಳದ ನಾಯಿ ಬಿಟ್ಟಿ ಸಿಗುತ್ತೆ ಅಂದರೆ ಮೊಲ ಹಿಡಿಸೋಕೆ ಅಂತ ಬರೋರು ಇದ್ದಾರೆ, ಅದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ನಾಯಿಗೂ ಒಳ್ಳೇದಲ್ಲ. ನಮ್ಮ ತೋಟಕ್ಕೆ ತರಬಹುದು, ಬೇಲಿ ಇದೆ, ಓಡೋಕೆ ಜಾಗ ಇದೆ. ಆದರೆ ಈ ಕಡೆ ಚಿರತೆ ಕಾಟ, ರಾತ್ರಿ ಒಳಗೆ ಮಲಗಿಸಬೇಕು. ಒಳಗೆ ಅಂದರೆ ದೊಡ್ಡಮ್ಮನ ಹಜಾರ. ಅವಳನ್ನು ಒಪ್ಪಿಸೋದು ಆ ಪಕ್ಕದ ಮನೆಯವರನ್ನು ಒಪ್ಪಿಸೋದಕ್ಕಿಂತ ಕಷ್ಟ, ಆ ಕೆಲಸ ನೀನೇ ಮಾಡಬೇಕು.

ಶನಿವಾರ ಹೋಗಿ ಬಂದ ಮೇಲೆ ಫೋನ್ ಮಾಡು. ಅವರು ಬಿಟ್ಟರೆ ಪಾದ, ವಸಡು ಎರಡರದ್ದೂ ಹತ್ತಿರದ ಫೋಟೋ ತೆಗೆದು ಕಳಿಸು, ತುಟಿ ಎತ್ತೋಕೆ ಅವರಿಗೇ ಹೇಳು, ನೀನು ಕೈ ಹಾಕಬೇಡ. ಒಂಬತ್ತರ ಮೇಲೆ ಫೋನ್ ಬೇಡ, ಮಲಗಿರುತ್ತೇನೆ.

ನಿನ್ನ ದೊಡ್ಡಪ್ಪ