ಹೋಂವರ್ಕ್ ಬೋರ್ಡಿನ ಮೇಲಿರಲಿ, ಫೋನಿನಲ್ಲಿ ಬೇಡ

ಮಾನ್ಯರೇ,

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಕನ್ನಡಕದ ಅಂಗಡಿ ಇದೆ. ಮೊದಲೆಲ್ಲ ನಲವತ್ತು ದಾಟಿದವರೇ ಜಾಸ್ತಿ ಬರುತ್ತಿದ್ದರು. ಈಗ ಸಂಜೆಯಾದರೆ ಹೈಸ್ಕೂಲ್ ಮಕ್ಕಳು. ಕಣ್ಣುರಿ, ಹಣೆನೋವು, ಬೋರ್ಡ್ ಮಂಜು ಮಂಜು. "ಬರೀ ರೀಲ್ಸ್ ನೋಡ್ತಾನೆ, ನೀವಾದ್ರೂ ಬುದ್ಧಿ ಹೇಳಿ ಸಾರ್" ಎಂದು ಅಪ್ಪಂದಿರು ದೂರುತ್ತಾರೆ.

ರೀಲ್ಸ್ ನೋಡುವುದು ಸುಳ್ಳಲ್ಲ. ಆದರೆ ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಮ್ಮನ ಫೋನ್ ತೆಗೆದು ಸಮಾಜ ವಿಜ್ಞಾನದ ನೋಟ್ಸ್ ತೋರಿಸಿದಳು. ಮೇಷ್ಟ್ರು ಕೈಯಲ್ಲಿ ಬರೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ ಹಾಳೆಗಳ ಫೋಟೋ. ಓರೆಯಾಗಿ ತೆಗೆದದ್ದು, ಅರ್ಧ ಹಾಳೆಗೆ ನೆರಳು, ಸ್ಕ್ರೀನಿನ ಗಾಜು ಬೇರೆ ಒಡೆದಿದೆ. ಬೆರಳಲ್ಲಿ ಹಿಗ್ಗಿಸಿ ಒಂದು ಸಾಲು ಓದಬೇಕು, ಬರೆಯಬೇಕು, ಅಷ್ಟರಲ್ಲಿ ಫೋನ್ ಆಫ್ ಆಗಿರುತ್ತದೆ. ಪೂರ್ತಿ ಪಾಠ ಹೀಗೇ.

ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ಕಣ್ಣು ಮಿಟುಕಿಸುತ್ತೇವೆ. ಸ್ಕ್ರೀನ್ ದಿಟ್ಟಿಸುವಾಗ ಅದು ಅರ್ಧಕ್ಕಿಂತ ಕಮ್ಮಿಯಾಗುವುದುಂಟು. ಕಣ್ಣು ಒಣಗುತ್ತದೆ, ಉರಿಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಮ್ಮ ಎಂದೆ. "ಅಮ್ಮನ ಫೋನ್ ಸಿಗೋದೇ ಎಂಟೂವರೆಗೆ ಅಂಕಲ್, ನಿಲ್ಸೋಕೆ ಟೈಮ್ ಎಲ್ಲಿ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಕ್ರೀನಿನ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಲೆನ್ಸ್ ಹಾಕಿಸಿದರೆ ಸರಿಹೋಗುತ್ತಾ ಎಂದು ಎಲ್ಲರೂ ಕೇಳುತ್ತಾರೆ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ, ಇರಲಿ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮಾಮೂಲಿ ಲೆನ್ಸಿಗಿಂತ ಬ್ಲೂ ಕಟ್ಟಿನಿಂದ ಕಣ್ಣಿನ ಆಯಾಸ ಕಮ್ಮಿಯಾಗುವಂತೆ ಕಾಣಲಿಲ್ಲ. ಸುಮ್ನೆ ದುಡ್ಡು ದಂಡ.

ಉರಿ, ಆಯಾಸ ವಿಶ್ರಾಂತಿಯಿಂದ ಇಳಿಯುತ್ತದೆ. ದೂರದ್ದು ಮಂಜಾಗಿ ಕಾಣುವ ಮೈನಸ್ ಪವರ್ ಹಾಗಲ್ಲ, ಒಮ್ಮೆ ಬಂತೆಂದರೆ ಬೆಳೆಯುವ ವಯಸ್ಸಿನಲ್ಲಿ ಏರುತ್ತಲೇ ಹೋಗಬಹುದು. ಅದು ಬರದಂತೆ ತಡೆಯಲು ಬಯಲಿನ ಬೆಳಕು ಸಹಾಯ ಮಾಡುತ್ತದೆ. ದಿನಕ್ಕೆ ಎರಡು ಗಂಟೆ ಹೊರಗಿರಲಿ ಎನ್ನುತ್ತಾರೆ ಕಣ್ಣಿನ ಡಾಕ್ಟರುಗಳು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಹೆಸರು ಹೇಳಿ ಮೊದಲು ಕಿತ್ತುಕೊಳ್ಳುವುದೇ ಆಟದ ಪಿರಿಯಡ್, ಅಲ್ವಾ?

ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಕೇಂದ್ರ ಸರ್ಕಾರ 9ರಿಂದ 12ನೇ ತರಗತಿಗೆ ದಿನಕ್ಕೆ 30-45 ನಿಮಿಷದ ನಾಲ್ಕು ಆನ್‌ಲೈನ್ ಪಾಠ ಸಾಕು ಎಂದಿತ್ತು. ಶಾಲೆ ಮುಚ್ಚಿದ್ದಾಗಲೇ ಲೆಕ್ಕ ಇಟ್ಟವರು, ಈಗ ಶಾಲೆ ಮುಗಿದ ಮೇಲೆ ಫೋನಿಗೆ ಬಂದು ಬೀಳುವುದಕ್ಕೂ ಲೆಕ್ಕ ಇಡಬಾರದೇ? ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ನೋಟ್ಸ್ ಕ್ಲಾಸಿನಲ್ಲೇ ಬರೆಸಲಿ, ಆಗದಿದ್ದರೆ ಜೆರಾಕ್ಸ್ ಕೊಡಲಿ. ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಲೇಬೇಕೆಂದರೆ ಪುಟ, ಪ್ರಶ್ನೆಯ ನಂಬರ್ ಹಾಕಿದರೆ ಸಾಕು. ಪುಸ್ತಕ ಹೇಗೂ ಮಕ್ಕಳ ಬ್ಯಾಗಿನಲ್ಲೇ ಇರುತ್ತದೆ.

– ಕನ್ನಡಕದ ವ್ಯಾಪಾರಿ, ತಿಪಟೂರು