ಹನ್ನೆರಡು ದಿನ ಕಾದ ರಿಪೋರ್ಟು

ಮಾನ್ಯ ಸಂಪಾದಕರೇ,

ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ನಡೆಯುತ್ತಿರುವಾಗಲೇ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್ ಎಂಬ ಪುಟ್ಟ ಗಂಟುಗಳಿಗೆ) ರೋಗ ಹರಡಿದೆಯೋ ಇಲ್ಲವೋ ಎಂದು ತಿಳಿಸುವ ಮಾಲಿಕ್ಯುಲರ್ ಪರೀಕ್ಷೆಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿ, ಅಕ್ಕನಿಗೂ ಓದಿ ಹೇಳಿದೆ. "ನಮ್ಮನ್ನ ಹನ್ನೆರಡು ದಿನ ಕಾಯಿಸಿದ್ರಲ್ಲೋ" ಎಂದಳು.

ನಾವು ದಾವಣಗೆರೆಯವರು. ಅಕ್ಕನಿಗೆ 43ನೇ ವಯಸ್ಸಿನಲ್ಲಿ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ಬಂತು. ಮೊದಲ ಸ್ಕ್ಯಾನಿಂಗ್‌ನಲ್ಲಿ ಥೈರಾಯ್ಡ್ ಮಾತ್ರ ನೋಡಿದರು, ಕುತ್ತಿಗೆಯ ಉಳಿದ ಭಾಗ ನೋಡಲಿಲ್ಲ. ಥೈರಾಯ್ಡ್ ತೆಗೆದರು. ಪಕ್ಕದಲ್ಲಿ ಸಿಕ್ಕ ಒಂದೆರಡು ಗಂಟುಗಳನ್ನು ಬಯಾಪ್ಸಿಗೆ ಕಳಿಸಿ ಹೊಲಿಗೆ ಹಾಕಿದರು. ರಿಪೋರ್ಟ್ ಬಂದಾಗ ಗಂಟಿನಲ್ಲೂ ಕ್ಯಾನ್ಸರ್. ಎರಡು ತಿಂಗಳಿಗೆ ಅದೇ ಜಾಗ ಮತ್ತೆ ಕೊಯ್ದರು. ಒಮ್ಮೆ ಕೊಯ್ದ ಕಡೆ ಒಳಗೆಲ್ಲ ಅಂಟಿಕೊಂಡಿರುತ್ತದೆ. ದನಿಯ ನರ ಅಲ್ಲೇ, ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಪ್ಯಾರಾಥೈರಾಯ್ಡ್‌ಗಳೂ ಅಲ್ಲೇ. ದನಿ ಉಳಿಯಿತು, ಕ್ಯಾಲ್ಸಿಯಂ ಇಳಿಯಿತು. ಹೂ ಕಟ್ಟಲು ಕೂತರೆ ಬೆರಳು ಜುಮ್ಮೆಂದು ದಾರ ಕೈಜಾರುತ್ತಿತ್ತು. ಮಾತ್ರೆ ಇವತ್ತಿಗೂ ನಿಂತಿಲ್ಲ.

ಹಾಗಂತ ಎಲ್ಲರಿಗೂ ಮೊದಲೇ ಗಂಟುಗಳನ್ನೆಲ್ಲ ತೆಗೆದುಬಿಡಿ ಎನ್ನುವಂತಿಲ್ಲ. ಬೇಕಿಲ್ಲದವರಿಗೂ ಇದೇ ಪಾಡು ಬರಬಹುದು. ಅದಕ್ಕೇ ಟೇಬಲ್ ಮೇಲೇ ಗೊತ್ತಾಗಬೇಕು. ಫ್ರೋಜನ್ ಸೆಕ್ಷನ್ ಎಂಬ ಹಳೆಯ ವಿಧಾನದಲ್ಲಿ ಗಂಟನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕತ್ತರಿಸದ ಭಾಗದಲ್ಲಿ ರೋಗ ಅಡಗಿದ್ದರೆ ತಪ್ಪಿಹೋಗುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಬಳಕೆಗೆ ಬಂದ ಓಸ್ನಾ ಎಂಬ ಮಾಲಿಕ್ಯುಲರ್ ಪರೀಕ್ಷೆಯಲ್ಲಿ ಗಂಟನ್ನೇ ಅರೆದು, ಸಿಕೆ19 ಎಂಬ ಪ್ರೋಟೀನಿನ ಆರ್‌ಎನ್‌ಎ ಹುಡುಕುತ್ತಾರೆ. ದುಗ್ಧಗ್ರಂಥಿಯಲ್ಲಿ ಅದು ಅಷ್ಟಾಗಿ ಇರಬಾರದು, ಇದ್ದರೆ ಹೊರಗಿನಿಂದ ಬಂದದ್ದೇ. ಮುಕ್ಕಾಲು ಗಂಟೆಯೊಳಗೆ ಉತ್ತರ. ಒಂದು ಮಾತು: ಆರೋಗ್ಯವಂತ ಥೈರಾಯ್ಡ್‌ನಲ್ಲೂ ಸಿಕೆ19 ಸ್ವಲ್ಪ ಇರಬಹುದು. ಅದರ ಚೂರು ಗಂಟಿಗೆ ಅಂಟಿಕೊಂಡರೂ ರಿಪೋರ್ಟ್ ದಾರಿ ತಪ್ಪಬಹುದು. ಅರೆದದ್ದನ್ನು ಮತ್ತೆ ಮೈಕ್ರೋಸ್ಕೋಪಿನಲ್ಲಿ ನೋಡಲೂ ಆಗದು.

ಅಂಥ ಮಷೀನು ನಾಳೆಯೇ ನಮ್ಮೂರಿಗೆ ಬರಲಿ ಎಂದು ನಾನು ಕೇಳುತ್ತಿಲ್ಲ. ಅದಕ್ಕಿಂತ ಸುಲಭದ್ದೊಂದಿದೆ. ಆಪರೇಷನ್‌ಗೆ ಮೊದಲೇ ಇಡೀ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿ, ಅನುಮಾನದ ಗಂಟಿಗೆ ಸೂಜಿ ಹಾಕಿ, ಅದೇ ಸೂಜಿಯನ್ನು ಸಲೈನ್‌ನಲ್ಲಿ ತೊಳೆದು ಆ ನೀರಿನಲ್ಲಿ, ಥೈರಾಯ್ಡ್ ಜೀವಕೋಶಗಳಷ್ಟೇ ತಯಾರಿಸುವ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನು ಇದೆಯಾ ನೋಡುವುದು. ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ ಅಳೆಯುವ ಲ್ಯಾಬುಗಳು ಹೇಗೂ ಇವೆ, ಅಲ್ವಾ? ಮೆಡಿಕಲ್ ಕಾಲೇಜುಗಳಿರುವ ಊರು ನಮ್ಮದು. ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಮಾಡುವ ಕಡೆಯೆಲ್ಲ ಇಷ್ಟನ್ನು ಮಾಡಿಯೇ ತೀರಬೇಕೆಂದು ಆರೋಗ್ಯ ಇಲಾಖೆ ಹೇಳಲಿ. ಫ್ರೋಜನ್ ಸೆಕ್ಷನ್ ಇಲ್ಲದ ಆಸ್ಪತ್ರೆಯವರು ಅದನ್ನು ಮೊದಲೇ ತಿಳಿಸಲಿ.

ಭಯಪಡುವವರಿಗೆ ಇದನ್ನೂ ಹೇಳಬೇಕು. 55 ವರ್ಷದೊಳಗಿನವರಿಗೆ ಈ ಕ್ಯಾನ್ಸರ್ ಗಂಟುಗಳಿಗೆ ಹರಡಿದ್ದರೂ, ದೂರದ ಅಂಗಗಳಿಗೆ ಹೋಗಿರದಿದ್ದರೆ ಮೊದಲನೇ ಹಂತವೆಂದೇ ಲೆಕ್ಕ. ನಮಗದು ಎರಡನೇ ಆಪರೇಷನ್ ಆದಮೇಲೆ ಗೊತ್ತಾಯಿತು. ಮೊದಲನೆಯದಕ್ಕೆ ಸಹಿ ಹಾಕುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಖರ್ಚೆಷ್ಟಾಗುತ್ತೆ?

ಇಂತಿ,
ಒಬ್ಬ ಓದುಗ, ದಾವಣಗೆರೆ