‘ರನ್’ಗೆ ಅರ್ಥ ಹೇಳುವ ಮುನ್ನ ಅಕ್ಕಪಕ್ಕ ನೋಡಿ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಹೆಚ್ಚು ಎಡವಟ್ಟಾಗುವುದು ಸುಲಭದ ಪದಗಳಲ್ಲೇ. ಕಠಿಣ ಪದ ಕಂಡರೆ ಯಾರಾದರೂ ನಿಘಂಟು ತೆಗೆಯುತ್ತಾರೆ. ‘ರನ್’ ಕಂಡರೆ ತೆಗೆಯುವುದಿಲ್ಲ, ಏಕೆಂದರೆ ಅದು ‘ಓಡು’ ಎಂದು ಚಿಕ್ಕಂದಿನಲ್ಲೇ ಕಲಿತಾಗಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಪದಕ್ಕೆ. ಮೂರನೇ ಆವೃತ್ತಿಗಾಗಿ ಪರಿಷ್ಕರಣೆ ನಡೆದಾಗ ‘ರನ್’ ಅದನ್ನು ಹಿಂದಿಕ್ಕಿತು. ಕ್ರಿಯಾಪದವಾಗಿ ಅದೊಂದಕ್ಕೇ 645 ಅರ್ಥಗಳನ್ನು ನಿಘಂಟುಕಾರರು ಗುರುತಿಸಿದರು. ಅಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ವಾಕ್ಯದಲ್ಲಿ ಕರ್ತೃ ಯಾವುದು, ಕರ್ಮ ಇದೆಯೇ, ‘ರನ್’ ನಂತರ ಯಾವ ಪುಟ್ಟ ಪದ ಅಂಟಿಕೊಂಡಿದೆ ಎಂದು ನೋಡಿದರೆ ಬಹುಪಾಲು ಗೊಂದಲ ಕಳೆಯುತ್ತದೆ.

ಕರ್ತೃ ಬದಲಾದಂತೆ ಕನ್ನಡದ ಕ್ರಿಯಾಪದವೂ ಬದಲಾಗಬೇಕು. ನದಿಯಾದರೆ ಹರಿಯುತ್ತದೆ, ಮೂಗಾದರೆ ಸೋರುತ್ತದೆ, ಬಟ್ಟೆಯಾದರೆ ಬಣ್ಣ ಬಿಡುತ್ತದೆ. ರಸ್ತೆ ನದಿಯ ಪಕ್ಕದಲ್ಲೇ ಸಾಗುತ್ತದೆ. ಒಪ್ಪಂದ ಐದು ವರ್ಷ ‘ರನ್’ ಆಗುತ್ತದೆಂದರೆ ಅಷ್ಟು ಕಾಲ ಜಾರಿಯಲ್ಲಿರುತ್ತದೆ. ಕಾಯಿಲೆ ಕುಟುಂಬದಲ್ಲಿ ‘ರನ್’ ಆಗುತ್ತದೆಂದರೆ ಅದು ವಂಶಪಾರಂಪರ್ಯವಾಗಿ ಬರುವಂಥದ್ದು. ಇಷ್ಟು ಪದಗಳು ನಮ್ಮಲ್ಲಿ ಸಿದ್ಧವಾಗಿರುವಾಗ ಎಲ್ಲವನ್ನೂ ‘ಓಡು’ ಎಂಬ ಒಂದೇ ಗೂಟಕ್ಕೆ ಕಟ್ಟುವುದು ಕನ್ನಡಕ್ಕೆ ಮಾಡುವ ಅನ್ಯಾಯ.

ಕರ್ಮ ಬಂದರೆ ಸಾಮಾನ್ಯವಾಗಿ ‘ನಡೆಸು’ ಹೊಂದುತ್ತದೆ: ಕಂಪನಿ ನಡೆಸು, ಶಾಲೆ ನಡೆಸು. ಇದಕ್ಕೂ ಅಪವಾದಗಳಿವೆ. ಪತ್ರಿಕೆ ಒಂದು ವರದಿಯನ್ನು ‘ರನ್’ ಮಾಡಿತೆಂದರೆ ಪ್ರಕಟಿಸಿತು ಎಂದರ್ಥ. ಚಾಲಕ ಕೆಂಪು ದೀಪವನ್ನು ‘ರನ್’ ಮಾಡಿದನೆಂದರೆ ಸಿಗ್ನಲ್ ಜಂಪ್ ಮಾಡಿದ. ಮಗು ಟೆಂಪರೇಚರ್ ‘ರನ್’ ಮಾಡುತ್ತಿದೆಯೆಂದರೆ ಅದಕ್ಕೆ ಜ್ವರ ಬಂದಿದೆ, ಅಷ್ಟೆ. ಇನ್ನು ‘ಸ್ಟೇಟ್-ರನ್’ ಎಂಬ ಜೋಡುಪದದಲ್ಲಿರುವುದು ಭೂತಕೃದಂತ (ಪಾಸ್ಟ್ ಪಾರ್ಟಿಸಿಪಲ್), ಅಂದರೆ ‘ಸರ್ಕಾರ ನಡೆಸುವ’ ಎಂಬ ಅರ್ಥ. ‘ಸ್ಟೇಟ್-ರನ್ ಚಾನೆಲ್’ಗೆ ‘ಸರ್ಕಾರಿ ವಾಹಿನಿ’ ಎಂದು ಬರೆದರೆ ಮುಗಿಯಿತು. ಈ ರೂಪ ಮೂಲ ರೂಪದಂತೆಯೇ ಇರುವುದರಿಂದ ಕಲಿಯುವವರು ‘ಹ್ಯಾಸ್ ರನ್’ ಎನ್ನಬೇಕಾದಲ್ಲಿ ‘ಹ್ಯಾಸ್ ರ್ಯಾನ್’ ಎಂದು ತಪ್ಪುತ್ತಾರೆ.

ನಿಜವಾದ ತೊಡಕಿರುವುದು ‘ರನ್’ ನಂತರ ಅಂಟಿಕೊಳ್ಳುವ ಪುಟ್ಟ ಪದಗಳಲ್ಲಿ. ‘ರನ್ ಔಟ್’ ಎಂದರೆ ಕ್ರಿಕೆಟ್ಟಿನಲ್ಲಿ ಒಂದು ಬಗೆಯ ಔಟ್, ಮನೆಯ ವಿಚಾರದಲ್ಲಿ ಹೊರಗೆ ಓಡಿದ್ದು. ‘ರನ್ ಔಟ್ ಆನ್’ ಎಂದರೆ ನಂಬಿದವರನ್ನು ನಡುನೀರಿನಲ್ಲಿ ಕೈಬಿಟ್ಟದ್ದು. ‘ದಿ ಹಾಸ್ಪಿಟಲ್ ರ್ಯಾನ್ ಔಟ್ ಆಫ್ ಆಕ್ಸಿಜನ್’ ಎಂಬ ವಾಕ್ಯದಲ್ಲಿ ಕರ್ತೃ ಆಸ್ಪತ್ರೆ. ಕನ್ನಡದಲ್ಲಿ ಹಾಗಲ್ಲ, ಮುಗಿದ ವಸ್ತುವೇ ಕರ್ತೃವಾಗಬೇಕು, ಆಸ್ಪತ್ರೆ ಸಪ್ತಮಿಗೆ ಹೋಗಬೇಕು: ‘ಆಸ್ಪತ್ರೆಯಲ್ಲಿ ಆಮ್ಲಜನಕ ಖಾಲಿಯಾಯಿತು.’ ಈ ಅದಲುಬದಲು ಮಾಡದೆ ಪದಕ್ಕೆ ಪದ ಇಟ್ಟಾಗಲೇ ‘ಆಸ್ಪತ್ರೆ ಆಮ್ಲಜನಕದಿಂದ ಹೊರಬಂತು’ ಎಂಬಂಥ ವಾಕ್ಯ ಹುಟ್ಟುವುದು.

‘ರನ್ ಇನ್‌ಟು’ ಕೂಡ ಹೀಗೆಯೇ. ಮುಂದೆ ಗೆಳೆಯ ಇದ್ದರೆ ಅಚಾನಕ್ಕಾಗಿ ಎದುರಾದ, ಮರ ಇದ್ದರೆ ಡಿಕ್ಕಿ ಹೊಡೆದ, ಹಣ ಇದ್ದರೆ ಕೋಟಿಗಟ್ಟಲೆ. ‘ಇನ್ ದಿ ರನ್-ಅಪ್ ಟು ದಿ ಎಲೆಕ್ಷನ್’ ಎಂಬುದಕ್ಕೆ ‘ಚುನಾವಣೆ ಹೊಸ್ತಿಲಲ್ಲಿ’ ಎಂಬ ಸೊಗಸಾದ ಮಾತು ನಮ್ಮಲ್ಲೇ ಇದೆ. ಅಮೆರಿಕದವರು ಚುನಾವಣೆಗೆ ‘ರನ್’ ಆಗುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಆಗುತ್ತಾರೆ. ಕನ್ನಡಿಗರೂ ಚುನಾವಣೆಗೆ ನಿಲ್ಲುವವರೇ.

ಸುದ್ದಿಮನೆಯಲ್ಲಿ ವಿಶೇಷ ಎಚ್ಚರ ಬೇಕಾದದ್ದು ‘ರನ್’ ನಾಮಪದವಾದಾಗ. ‘ರನ್ನಿಂಗ್ ಎ ಬ್ಯಾಂಕ್’ ಎಂದರೆ ಬ್ಯಾಂಕ್ ನಡೆಸುವುದು. ‘ಎ ರನ್ ಆನ್ ಎ ಬ್ಯಾಂಕ್’ ಎಂದರೆ ಠೇವಣಿದಾರರು ಹಣ ವಾಪಸ್ ಪಡೆಯಲು ಒಮ್ಮೆಲೇ ಮುಗಿಬೀಳುವುದು. ಬ್ಯಾಂಕು ಠೇವಣಿಯ ಸ್ವಲ್ಪ ಭಾಗವನ್ನಷ್ಟೇ ನಗದಾಗಿ ಇಟ್ಟುಕೊಂಡು ಉಳಿದದ್ದನ್ನು ಸಾಲ, ಬಾಂಡುಗಳಲ್ಲಿ ತೊಡಗಿಸಿರುತ್ತದೆ. ಎಲ್ಲರೂ ಒಟ್ಟಿಗೆ ಕೇಳಿದರೆ ಗಟ್ಟಿ ಬ್ಯಾಂಕೂ ತತ್ತರಿಸುತ್ತದೆ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ತೆಗೆಯಲು ಮುಂದಾದರು, ಮರುದಿನವೇ ಬ್ಯಾಂಕು ಮುಚ್ಚಿತು. ಇಂಥ ಸುದ್ದಿಗೆ ‘ಬ್ಯಾಂಕ್ ಓಟ’ ಎಂದು ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ‘ಠೇವಣಿ ವಾಪಸಿಗೆ ಮುಗಿಬಿದ್ದ ಜನ’ ಎಂದರೆ ಎಲ್ಲವೂ ತಿಳಿಯುತ್ತದೆ.

‘ರನ್-ಆಫ್’ನಲ್ಲೂ ಇದೇ ಎಚ್ಚರ ಬೇಕು. ಕೃಷಿ, ಪರಿಸರದ ಸುದ್ದಿಯಲ್ಲಿ ಅದು ನೆಲದಲ್ಲಿ ಇಂಗದೆ ಮೇಲಿಂದ ಹರಿದುಹೋಗುವ ಮಳೆನೀರು. ಫ್ರಾನ್ಸ್ ಅಧ್ಯಕ್ಷೀಯ ಚುನಾವಣೆಯ ಸುದ್ದಿಯಲ್ಲಾದರೆ, ಯಾರಿಗೂ ಬಹುಮತ ಬರದಿದ್ದಾಗ ಮೊದಲ ಇಬ್ಬರ ನಡುವೆ ನಡೆಯುವ ಎರಡನೇ ಸುತ್ತಿನ ಮತದಾನ. ‘ಡ್ರೈ ರನ್’ಗೂ ಒಣಗಿದ್ದಕ್ಕೂ ಇಂದು ಸಂಬಂಧವಿಲ್ಲ, ಅದು ಪೂರ್ವಾಭ್ಯಾಸ ಅಥವಾ ತಾಲೀಮು. ‘ಪ್ರಿಂಟ್ ರನ್’ ಎಂದರೆ ಒಂದು ಬಾರಿಗೆ ಅಚ್ಚಾದ ಪ್ರತಿಗಳ ಸಂಖ್ಯೆ. ‘ತ್ರೀ ಡೇಸ್ ರನ್ನಿಂಗ್’ ಎಂದರೆ ಸತತ ಮೂರು ದಿನ. ಕ್ರಿಕೆಟ್ಟಿನ ‘ರನ್’ ಅನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವುದು ಸರಿ. ಚೆಂಡು ಬೌಂಡರಿ ಮುಟ್ಟಿದರೆ ಓಡದೆಯೇ ನಾಲ್ಕು ಸಿಗುವುದರಿಂದ ‘ಓಟ’ ಅಲ್ಲಿ ಪೂರ್ತಿ ಹೊಂದುವುದಿಲ್ಲ.

ಪತ್ರಿಕೆಗಳ ಇಂಗ್ಲಿಷ್ ಕಲಿಕೆಯ ಅಂಕಣಗಳಲ್ಲಿ ಒಂದು ಪದದ ಮುಂದೆ ಒಂದೇ ಅರ್ಥ ಕೊಡುವ ರೂಢಿ ಬಿಡಬೇಕೆಂದು ವಿನಂತಿ. ವಾರಕ್ಕೊಂದೇ ಪದವಾದರೂ ಸರಿ, ಅದನ್ನು ನಾಲ್ಕೈದು ಪೂರ್ಣ ವಾಕ್ಯಗಳಲ್ಲಿಟ್ಟು, ಪ್ರತಿಯೊಂದರ ಪಕ್ಕ ನಾವು ದಿನನಿತ್ಯ ಆಡುವ ಕನ್ನಡ ವಾಕ್ಯ ಕೊಡಿ. ‘ರನ್’ ಆದ ಮೇಲೆ ‘ಗೆಟ್’, ‘ಟೇಕ್’, ‘ಸೆಟ್’ ಪದಗಳನ್ನು ಕೈಗೆತ್ತಿಕೊಳ್ಳಬಹುದು.

ಇಂತಿ,
ಒಬ್ಬ ಅನುವಾದಕ